ಕಿವಿಯ ಸುಳ್ಳು, ಮುಳ್ಳಿನ ಮಾತು

ಪುಣೆಗೂ ಟಪಾಲು ವಿಮಾನಕ್ಕೂ ನಂಟು ಬೆಳೆದದ್ದು ಮಳೆಯ ದೆಸೆಯಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು ಹತ್ತಿ, ಬೊಂಬಾಯಿಯ ಜುಹೂ ಮೈದಾನಕ್ಕೆ ಟಪಾಲು ಚೀಲ ತಂದು ಮುಟ್ಟಿಸಿದರು. ಅಲ್ಲಿಂದ ಮುಂದೆ ಅದನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವೆ ಅವರು ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಶಾಲೆಯಲ್ಲಿ ನಮಗೆ ಟಾಟಾ ಅವರ ಹೆಸರು ಹೇಳಿಕೊಟ್ಟರು, ಬಳ್ಳಾರಿಯ ಹೆಸರು ಹೇಳಲಿಲ್ಲ. ಭಾರತದ ಮೊದಲ ಟಪಾಲು ವಿಮಾನ ಮಾರ್ಗಗಳಲ್ಲಿ ಒಂದು ಕನ್ನಡದ ನೆಲದ ಮೇಲೆ ಹಾದುಹೋಗಿತ್ತು ಎಂಬುದು ನನಗೆ ಗೊತ್ತಾದದ್ದು ಪುಣೆಗೆ ಬಂದ ಮೇಲೆ.

ಜುಹೂ ಎಂದರೆ ಆಗ ಕಡಲ ಪಕ್ಕದ ಬರೀ ಮಣ್ಣಿನ ಬಯಲು. ಮಳೆಗಾಲದಲ್ಲಿ ಭರತ ಬಂದರೆ ಅದು ನೀರಿನಡಿ ಹೋಗುತ್ತಿತ್ತು. ಹೀಗಾಗಿ ಮಳೆ ಹಿಡಿದ ಕೂಡಲೇ ಇಡೀ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಘಟ್ಟ ಹತ್ತಿ ಪುಣೆಗೆ ಬರುತ್ತಿತ್ತು. ಇಡೀ ಕಂಪನಿ ಎಂದರೂ ಕೆಲವೇ ವಿಮಾನ, ಬೆರಳೆಣಿಕೆಯ ಜನ. ಇಲ್ಲಿ ಅವರಿಗೆ ಸಿಕ್ಕದ್ದು ಯೆರವಡಾ ಜೈಲಿನ ನೆರಳಿನಲ್ಲಿದ್ದ ಒಂದು ಮೈದಾನ. ವಿಮಾನದಲ್ಲಿ ರೇಡಿಯೊ ಇರಲಿಲ್ಲ, ನೆಲದ ಮೇಲೆ ದಾರಿ ತೋರಿಸುವ ಯಾವ ಸಲಕರಣೆಯೂ ಇರಲಿಲ್ಲ. ಪುಸ್ ಮಾತ್ ಎಂಬ ಆ ಒಂಟಿ ಎಂಜಿನ್ನಿನ ವಿಮಾನ ಗಂಟೆಗೆ ಸುಮಾರು 160 ಕಿ.ಮೀ. ಹಾರುತ್ತಿತ್ತು. ಈಗ ಎಕ್ಸ್‌ಪ್ರೆಸ್‌ವೇಯಲ್ಲಿ ನಮ್ಮ ಆಫೀಸಿನ ಹುಡುಗರು ಬೆಳಗಿನ ಜಾವ ಅಷ್ಟೇ ವೇಗದಲ್ಲಿ ಕಾರು ಬಿಡುತ್ತಾರೆ, ಆ ಮಾತು ಬೇರೆ.

ಮೊದಲ ವರ್ಷ ಮುಗಿದಾಗ ಆ ಟಪಾಲು ಒಮ್ಮೆಯೂ ಹೊತ್ತು ತಪ್ಪಿರಲಿಲ್ಲ. ಆಗಿನ ಸರ್ಕಾರದ ವಿಮಾನಯಾನ ಇಲಾಖೆ ತನ್ನ ವರದಿಯಲ್ಲಿ ಇದನ್ನು ಮೆಚ್ಚಿ ಬರೆಯಿತು. ಪಶ್ಚಿಮ ಘಟ್ಟದ ಮಳೆಗಾಲವನ್ನು ಹೆಸರು ಹಿಡಿದು ಹೇಳಿ, ಅಂಥಲ್ಲೂ ತಪ್ಪಲಿಲ್ಲ ಎಂದಿತು. ಓದಿದವನಿಗೆ ನನಗೆ ಮೊದಲು ಬಂದ ಪ್ರಶ್ನೆ, ಅವರು ನೋಡುತ್ತಿದ್ದದ್ದಾದರೂ ಏನನ್ನು? ಜುಲೈ ತಿಂಗಳಲ್ಲಿ ಲೋಣಾವಳ ಕಡೆ ಹೋದವರಿಗೆ ಗೊತ್ತು, ರಸ್ತೆಯ ಆಚೆ ಬದಿಯ ಚಹಾ ಅಂಗಡಿ ಕಾಣುವುದಿಲ್ಲ. ಮೋಡ ಅಲ್ಲಿ ಆಕಾಶದಲ್ಲಿ ಇರುವುದಿಲ್ಲ, ಮೊಣಕಾಲಿನ ಹತ್ತಿರ ಇರುತ್ತದೆ.

ಅದು ನೆಲ ನೋಡಿ ಹಾರುವ ಕಾಲ. ರೈಲು ಹಳಿ, ನದಿ, ಕೆರೆ, ಕೋಟೆ ಇವೇ ದಾರಿಯ ಗುರುತು. ಮೋಡ ಇಳಿದರೆ ಪೈಲಟ್ ಅದರಡಿಗೆ ಇಳಿಯಬೇಕು, ಇಲ್ಲವೇ ಸುತ್ತಿ ಹೋಗಬೇಕು, ಇಲ್ಲವೇ ತಿರುಗಿ ಬರಬೇಕು. ಮೋಡದೊಳಕ್ಕೆ ಹೊಕ್ಕು ಆಚೆಯಿಂದ ಹೊರಬರುವ ವಿದ್ಯೆ ಆ ಹೊತ್ತಿಗಾಗಲೇ ಹುಟ್ಟಿತ್ತು, ಆದರೆ ಅದು ಹುಟ್ಟಿದ್ದು ಬೇರೆ ಖಂಡದಲ್ಲಿ. ಅದರ ಮೊದಲ ಪಾಠಗಳನ್ನು ನಾನೀಗ ಪುಣೆಯ ವಿಮಾನನಗರದ ಒಂದು ಬಾಡಿಗೆ ಫ್ಲಾಟಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಲಿಯುತ್ತಿದ್ದೇನೆ. ಸೆಕೆಂಡ್‌ಹ್ಯಾಂಡ್ ಜಾಯ್‌ಸ್ಟಿಕ್ಕು, ಆಫೀಸಿನ ಕೆಲಸಕ್ಕೆಂದು ತಂದ ದೊಡ್ಡ ಪರದೆ, ಅದರ ಮೇಲೆ ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನದ ಮುಂಭಾಗ. ಕಿಟಕಿಯಾಚೆ ಲೋಹೆಗಾಂವಿನಿಂದ ನಿಜವಾದ ವಿಮಾನಗಳು ಏಳುವ ಸದ್ದು. ಒಮ್ಮೊಮ್ಮೆ ವಾಯುಪಡೆಯ ಸುಖೋಯ್ ಎದ್ದರೆ ನನ್ನ ಸೆಸ್ನಾ ಜೊತೆಗೆ ಮೇಜೂ ನಡುಗುತ್ತದೆ.

ಸೆಸ್ನಾದ ಹಳೆಯ ನಮೂನೆಯ ಫಲಕದಲ್ಲಿ ಆರು ಗಡಿಯಾರಗಳು. ಮೇಲಿನ ಸಾಲಿನಲ್ಲಿ ವೇಗ, ಕೃತಕ ದಿಗಂತ, ಎತ್ತರ. ಕೆಳಗಿನ ಸಾಲಿನಲ್ಲಿ ತಿರುವು, ದಿಕ್ಕು, ಏರಿಳಿತದ ವೇಗ. ಹವಾಮಾನದ ಪಟ್ಟಿಯಲ್ಲಿ ಮೋಡ ಇಳಿಸಿ ಹೊರಗಿನ ನೋಟವನ್ನು ಬಿಳಿ ಮಾಡಿಬಿಟ್ಟರೆ ಉಳಿಯುವುದು ಇವಿಷ್ಟೇ. ಕಣ್ಣು ಒಂದರ ಮೇಲೇ ನಿಲ್ಲಬಾರದು. ನಡುವಿನ ಕೃತಕ ದಿಗಂತ ಮನೆ ಇದ್ದ ಹಾಗೆ; ಅಲ್ಲಿಂದ ಎತ್ತರಕ್ಕೆ ಹೋಗಿ ಮನೆಗೆ ಬರಬೇಕು, ದಿಕ್ಕಿಗೆ ಹೋಗಿ ಮನೆಗೆ ಬರಬೇಕು, ವೇಗಕ್ಕೆ ಹೋಗಿ ಮನೆಗೆ ಬರಬೇಕು. ಎತ್ತರದ ಮುಳ್ಳು ನೂರು ಅಡಿ ಸರಿಯಿತೆಂದು ಅದನ್ನೇ ದಿಟ್ಟಿಸುತ್ತ ಕೂತರೆ ಅಷ್ಟರಲ್ಲಿ ದಿಕ್ಕು ಇಪ್ಪತ್ತು ಡಿಗ್ರಿ ಸರಿದಿರುತ್ತದೆ. ತಿರುವಿಗೂ ಒಂದು ಅಳತೆ ಉಂಟು, ಸೆಕೆಂಡಿಗೆ 3 ಡಿಗ್ರಿ. ಆ ಲೆಕ್ಕದಲ್ಲಿ ಒಂದು ಪೂರ್ತಿ ಸುತ್ತಿಗೆ ಎರಡು ನಿಮಿಷ. ಗಡಿಯಾರ ಹಿಡಿದು ತಿರುಗುವ ಈ ಅಭ್ಯಾಸ ಸಂಗೀತದ ಮೇಷ್ಟರು ತಾಳ ಹಾಕಿಸುವುದಕ್ಕೆ ಹತ್ತಿರ.

ಒಂದೆರಡು ವಾರದಲ್ಲಿ ಇದು ಕೈಗೆ ಹತ್ತಿತು. ಆಗ ನನಗೊಂದು ಅನುಮಾನ. ಆರು ಗಡಿಯಾರ ಓದುವುದು ಇಷ್ಟೇ ಆಗಿದ್ದರೆ, ಸಾವಿರಾರು ಗಂಟೆ ಹಾರಿದವರು ಮೋಡದಲ್ಲಿ ಯಾಕೆ ಸತ್ತರು?

ಉತ್ತರ ಕೊಟ್ಟವರು ನಮ್ಮ ಸೊಸೈಟಿಯಲ್ಲೇ ಇರುವ ಒಬ್ಬರು. ಧಾರವಾಡ ಕಡೆಯವರು, ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟರ್ ಆಗಿದ್ದು ನಿವೃತ್ತರಾದವರು. ಹಾರಿದವರಲ್ಲ, ಹಾರುವವರ ಗಡಿಯಾರಗಳನ್ನು ಬಿಚ್ಚಿ ಜೋಡಿಸಿದವರು. ನಾನು ಅವರನ್ನು ಕಾಕಾ ಅನ್ನುತ್ತೇನೆ. ನನ್ನ ಹಾರಾಟ ನೋಡಿ ಅವರು ಹೇಳಿದ್ದು ಇಷ್ಟು: "ಛಲೋ ಮಾಡಾಕತ್ತಿ ತಮ್ಮಾ. ಆದರ ನಿನ್ನ ಕುರ್ಚಿ ಭಾಳ ಪ್ರಾಮಾಣಿಕ ಐತಿ. ಖರೇ ವಿಮಾನದ ಕುರ್ಚಿ ಹಂಗಲ್ಲ."

ಆಮೇಲೆ ಅವರು ನನ್ನನ್ನು ಅದೇ ತಿರುಗುವ ಆಫೀಸ್ ಕುರ್ಚಿಯಲ್ಲಿ ಕೂಡಿಸಿ, ಕಣ್ಣು ಮುಚ್ಚಿಸಿ, ಕಾಲು ಮೇಲೆತ್ತಿಸಿ, ಮೆಲ್ಲಗೆ ಒಂದೇ ಹದದಲ್ಲಿ ತಿರುಗಿಸತೊಡಗಿದರು. ಯಾವ ಕಡೆ ತಿರುಗುತ್ತಿದ್ದೀಯೋ ಆ ಕಡೆ ಬೆರಳು ಮಾಡಿ ತೋರಿಸು ಎಂದರು. ಮೊದಲು ಬಲಕ್ಕೆ ತೋರಿಸಿದೆ. ಅರ್ಧ ನಿಮಿಷದಲ್ಲಿ ಕುರ್ಚಿ ನಿಂತಿತು ಅನ್ನಿಸಿ ಕೈ ಇಳಿಸಿದೆ. ಕುರ್ಚಿ ಇನ್ನೂ ತಿರುಗುತ್ತಲೇ ಇತ್ತಂತೆ. ಅವರು ಅದನ್ನು ಹಿಡಿದು ನಿಲ್ಲಿಸಿದಾಗ ನಾನು ಎಡಕ್ಕೆ ಜೋರಾಗಿ ತಿರುಗುತ್ತಿದ್ದೇನೆ ಎಂದು ಆಣೆ ಮಾಡಿ ಹೇಳಬಲ್ಲವನಾಗಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಗೋಡೆಯ ಕ್ಯಾಲೆಂಡರು ಅಲುಗದೆ ನೇತಾಡುತ್ತಿತ್ತು.

ನಮ್ಮ ಒಳಕಿವಿಯಲ್ಲಿ ಮೂರು ಅರೆವೃತ್ತದ ಕೊಳವೆಗಳಿವೆ, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ಕೊಳವೆ ತಿರುಗುತ್ತದೆ, ದ್ರವ ಹಿಂದುಳಿಯುತ್ತದೆ. ಆ ವ್ಯತ್ಯಾಸವೇ ನಮಗೆ ತಿರುಗುವ ಅನುಭವ. ತಿರುಗುವಿಕೆ ಒಂದೇ ಹದದಲ್ಲಿ ಮುಂದುವರಿದರೆ ದ್ರವವೂ ಕೊಳವೆಯ ಜೊತೆ ಸಮ ಹೆಜ್ಜೆ ಹಾಕುತ್ತದೆ, ಕಿವಿ ಸುಮ್ಮನಾಗುತ್ತದೆ. ನಿಂತಾಗ ದ್ರವ ಇನ್ನೂ ಓಡುತ್ತಿರುತ್ತದೆ, ಕಿವಿ ಉಲ್ಟಾ ವರದಿ ಕೊಡುತ್ತದೆ. ನೆಲದ ಮೇಲೆ ಕಣ್ಣು ಈ ವರದಿಯನ್ನು ತಿದ್ದುತ್ತಿರುತ್ತದೆ. ಮೋಡದೊಳಗೆ ಕಣ್ಣಿಗೆ ಕೆಲಸವಿಲ್ಲ. ವಿಮಾನ ತುಸು ತುಸುವೇ ಎಡಕ್ಕೆ ವಾಲಿ ತಿರುಗತೊಡಗಿದರೆ ಪೈಲಟನಿಗೆ ತಾನು ನೇರ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಮುಳ್ಳು ನೋಡಿ ರೆಕ್ಕೆ ಸಮ ಮಾಡಿದರೆ ಬಲಕ್ಕೆ ವಾಲಿದೆವು ಅನ್ನಿಸುತ್ತದೆ. ಆತ ಮತ್ತೆ ಎಡಕ್ಕೆ ವಾಲಿಸುತ್ತಾನೆ, ಮೂಗು ಕೆಳಗಾಗುತ್ತದೆ, ವೇಗ ಏರುತ್ತದೆ, ಗಾಬರಿಯಲ್ಲಿ ಕೋಲು ಹಿಂದಕ್ಕೆಳೆದರೆ ಸುರುಳಿ ಇನ್ನಷ್ಟು ಬಿಗಿಯುತ್ತದೆ. ಇಷ್ಟೂ ಹೊತ್ತು ಅವನ ಮೈ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ.

ಇದಕ್ಕೆ ನಮ್ಮಲ್ಲಿ ಹೇಳಿಮಾಡಿಸಿದ ಮಾತಿದೆ, ದಿಗ್ಭ್ರಮೆ. ಮಂತ್ರಿಗಳು ಪ್ರತಿ ದುರಂತಕ್ಕೂ ದಿಗ್ಭ್ರಮೆ ವ್ಯಕ್ತಪಡಿಸಿ ವ್ಯಕ್ತಪಡಿಸಿ ಆ ಮಾತಿನ ಒಳಗಿದ್ದ ದಿಕ್ಕೇ ಕಳೆದುಹೋಗಿದೆ.

ಕಾಕಾ ಮಾಡಿದ ಪ್ರಯೋಗಕ್ಕೆ ಹಳೆಯ ಇತಿಹಾಸವಿದೆ. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸಿ ಫೀಲ್ಡಿನಲ್ಲಿ ಡೇವಿಡ್ ಮೈಯರ್ಸ್ ಎಂಬ ಸೇನಾ ವೈದ್ಯ ವಿಲಿಯಂ ಆಕರ್ ಎಂಬ ಅನುಭವಿ ಪೈಲಟನನ್ನು ಇಂಥದ್ದೇ ಕುರ್ಚಿಯಲ್ಲಿ ಕೂಡಿಸಿ ತಿರುಗಿಸಿದ. ಎಷ್ಟೋ ವರ್ಷ ಹಾರಿದ ಆಕರನಿಗೂ ದಿಕ್ಕು ಹೇಳಲಾಗಲಿಲ್ಲ. ಉಳಿದವರಾದರೆ ನಕ್ಕು ಎದ್ದು ಹೋಗುತ್ತಿದ್ದರೇನೋ. ಆಕರ್ ಒಂದು ಪೆಟ್ಟಿಗೆ ಮಾಡಿಸಿ ಅದರಲ್ಲಿ ತಿರುವು ತೋರಿಸುವ ಗೈರೊ ಯಂತ್ರ, ದಿಕ್ಸೂಚಿ, ಪುಟ್ಟ ದೀಪ ಇಟ್ಟು, ಅದರೊಳಗೆ ಮುಖವಿಟ್ಟು ಮತ್ತೆ ಕುರ್ಚಿ ತಿರುಗಿಸಿಕೊಂಡ. ಈ ಸಲ ಪ್ರತಿ ಬಾರಿಯೂ ಸರಿ ಹೇಳಿದ. ವಾದ್ಯ ನೋಡಿ ಹಾರುವ ವಿದ್ಯೆಯ ತಿರುಳು ಆ ಪೆಟ್ಟಿಗೆಯಲ್ಲಿತ್ತು. ಅಲ್ಲಿಯವರೆಗೆ ಒಳ್ಳೆಯ ಪೈಲಟ್ ಎಂದರೆ ವಿಮಾನವನ್ನು ಸೀಟಿನಲ್ಲಿ ಕೂತ ಮೈಯಿಂದಲೇ ಬಲ್ಲವನು ಎಂಬ ಹೆಮ್ಮೆಯಿತ್ತು. ಆಕರ್ ಆ ಹೆಮ್ಮೆಯ ಬುಡಕ್ಕೇ ಕೈಯಿಟ್ಟ. ಮುಂದೆ ಕಾರ್ಲ್ ಕ್ರೇನ್ ಜೊತೆ ಸೇರಿ ಈ ವಿಷಯದ ಮೇಲೆ ಪುಸ್ತಕ ಬರೆದದ್ದು 1932ರಲ್ಲಿ, ಅಂದರೆ ನಮ್ಮ ಟಪಾಲು ವಿಮಾನ ಹಾರಿದ ವರ್ಷವೇ.

ಗೈರೊ ಎಂದರೆ ಬುಗುರಿ. ಜೋರಾಗಿ ತಿರುಗುವ ಬುಗುರಿ ತನ್ನ ಅಕ್ಷವನ್ನು ಬಿಡುವುದಿಲ್ಲ. ಹಲಗೆಯ ಮೇಲೆ ಆಡಿಸಿ ಹಲಗೆಯನ್ನು ಓರೆ ಮಾಡಿದರೂ ಅದು ನೆಟ್ಟಗೇ ನಿಲ್ಲಲು ಹವಣಿಸುತ್ತದೆ. ವಿಮಾನ ಹೇಗೆ ವಾಲಿದರೂ ವಾಲದ ಆ ಬುಗುರಿಗೆ ಒಂದು ಗೆರೆ ಕಟ್ಟಿದರೆ ಅದೇ ಕೃತಕ ದಿಗಂತ. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡಿನಲ್ಲಿ ಜಿಮ್ಮಿ ಡೂಲಿಟಲ್ ತನ್ನ ಸೀಟಿಗೆ ಪೂರ್ತಿ ಮುಸುಕು ಹಾಕಿಕೊಂಡು, ಸ್ಪೆರಿ ಮಾಡಿದ ಕೃತಕ ದಿಗಂತ ಮತ್ತು ಕಾಲ್ಸ್‌ಮನ್ ಮಾಡಿದ ಸೂಕ್ಷ್ಮ ಎತ್ತರಮಾಪಕ ನೋಡುತ್ತ, ರೇಡಿಯೊ ಸಂಕೇತ ಹಿಡಿದು, ನೆಲ ಬಿಟ್ಟು, ಸುತ್ತು ಹಾಕಿ, ಮತ್ತೆ ನೆಲಕ್ಕಿಳಿದ. ಸುಮಾರು 15 ನಿಮಿಷ. ಹೊರಗೇನಿದೆಯೆಂದು ಆತ ಒಮ್ಮೆಯೂ ನೋಡಲಿಲ್ಲ. ಮುಂದಿನ ಸೀಟಿನಲ್ಲಿ ಕಾವಲಿಗೆ ಕೂತ ಬೆನ್ ಕೆಲ್ಸಿ ತಾನು ಏನೂ ಮುಟ್ಟುತ್ತಿಲ್ಲ ಎಂದು ಕೈ ಹೊರಗೆ ಕಾಣುವಂತೆ ಇಟ್ಟುಕೊಂಡಿದ್ದ.

ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣ ತನ್ನಪ್ಪನ ಆರ್ಗನ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಒಂದು ಮರದ ಪುಟ್ಟ ವಿಮಾನ ಮಾಡಿದ. ಹಾರ್ಮೋನಿಯಂ ಬಲ್ಲವರಿಗೆ ತಿದಿ ಗೊತ್ತು. ಆರ್ಗನ್ನಿನ ಅಂಥ ತಿದಿಗಳನ್ನೇ ಕೆಳಗಿಟ್ಟು, ಗಾಳಿ ಎಳೆದು ಬಿಟ್ಟು, ಪೆಟ್ಟಿಗೆ ವಾಲುವಂತೆ, ತಿರುಗುವಂತೆ ಮಾಡಿದ. ಸೇನೆಯವರು ಕೊಳ್ಳಲಿಲ್ಲ, ಜಾತ್ರೆಯ ಆಟಿಕೆಯೆಂದು ಮನರಂಜನೆ ಪಾರ್ಕುಗಳು ಕೊಂಡವು. 1934ರ ಫೆಬ್ರುವರಿಯಲ್ಲಿ ಅಮೆರಿಕದ ಸರ್ಕಾರ ಖಾಸಗಿ ಕಂಪನಿಗಳ ಗುತ್ತಿಗೆ ರದ್ದು ಮಾಡಿ ಟಪಾಲು ಸಾಗಿಸುವ ಕೆಲಸವನ್ನು ಸೇನೆಗೆ ವಹಿಸಿತು. ಚಳಿಗಾಲ, ರಾತ್ರಿ, ಹಿಮ, ಮೋಡ. ವಾದ್ಯ ನೋಡಿ ಹಾರಲು ಸರಿಯಾಗಿ ಕಲಿಯದ ಸೇನಾ ಪೈಲಟರು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೇನೆ ಲಿಂಕನ ಪೆಟ್ಟಿಗೆಗಳನ್ನು ಆರು ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಂಥವು ಸಾವಿರಗಟ್ಟಲೆ ಆಗಿದ್ದವು, ಲಕ್ಷಗಟ್ಟಲೆ ಹುಡುಗರು ಅವುಗಳಲ್ಲಿ ಕೂತು ಕಲಿತಿದ್ದರು.

ಇದನ್ನು ಓದುವಾಗ ಯೆರವಡಾದ ಟಪಾಲು ನೆನಪಾಗದೆ ಇರದು. ಅಲ್ಲಿ ಸೇನೆ ಹುಡುಗರನ್ನು ಕಳೆದುಕೊಳ್ಳುವ ಕೆಲವೇ ತಿಂಗಳ ಮುಂಚೆ ಇಲ್ಲಿ ಒಂದು ಪುಟ್ಟ ಕಂಪನಿ ಘಟ್ಟದ ಮಳೆಯಲ್ಲಿ ವರ್ಷ ಪೂರ್ತಿ ಟಪಾಲು ತಪ್ಪದೆ ಮುಟ್ಟಿಸಿತ್ತು. ನಮ್ಮವರೇ ಜಾಣರು ಎಂದು ಎದೆ ತಟ್ಟಿಕೊಳ್ಳುವ ಹೋಲಿಕೆ ಇದಲ್ಲ. ಅಲ್ಲಿನದು ದೇಶವಿಡೀ ಹಬ್ಬಿದ, ರಾತ್ರಿಯೂ ನಡೆಯುವ ಸೇವೆ. ಇಲ್ಲಿ ಒಂದೇ ದಾರಿ, ಅದನ್ನು ಅಂಗೈಯಂತೆ ಬಲ್ಲ ಇಬ್ಬರು ಮೂವರು. ಗುಡ್ಡದ ಮಗ್ಗುಲು, ಹಳಿಯ ತಿರುವು ಪ್ರತಿಯೊಂದೂ ಅವರಿಗೆ ಬಾಯಿಪಾಠ ಆಗಿರಬೇಕು. ಆ ವಿದ್ಯೆ ಅವರ ಜೊತೆಗೇ ಹೋಯಿತು, ಇನ್ನೊಬ್ಬರಿಗೆ ಹೇಳಿಕೊಡಲು ಬರುವಂಥದ್ದಲ್ಲ. ಮೊದಲ ಬಾರಿ ಈ ಘಟ್ಟಕ್ಕೆ ಬರುವ ಅಪರಿಚಿತ, ಅದೂ ರಾತ್ರಿ ಬರುವವ, ಏನು ಮಾಡಬೇಕು?

ಆ ಪ್ರಶ್ನೆಗೆ ಸಹ್ಯಾದ್ರಿ ಎರಡು ಸಲ ಕಠಿಣ ಉತ್ತರ ಕೊಟ್ಟಿದೆ. 1949ರ ಜುಲೈ 12ರಂದು ಕೆಎಲ್‌ಎಂ ಕಂಪನಿಯ ಕಾನ್‌ಸ್ಟೆಲೇಷನ್ ವಿಮಾನ ಮಳೆ ಮೋಡದಲ್ಲಿ ಬೊಂಬಾಯಿಗೆ ಇಳಿಯಲು ಬರುತ್ತ ಘಾಟ್‌ಕೋಪರಿನ ಗುಡ್ಡಕ್ಕೆ ಬಡಿಯಿತು. 45 ಮಂದಿಯೂ ಸತ್ತರು. ಅವರಲ್ಲಿ ಇಂಡೊನೇಷ್ಯಾ ನೋಡಿ ಮರಳುತ್ತಿದ್ದ ಅಮೆರಿಕದ ಪತ್ರಕರ್ತರ ಒಂದು ತಂಡವೇ ಇತ್ತು. ಈಗ ಮೆಟ್ರೊ ಇಳಿದು ಲೋಕಲ್ ಹಿಡಿಯುವ ಘಾಟ್‌ಕೋಪರ್ ಅದೇ.

ಎರಡನೆಯದು ನಮ್ಮ ಪುಣೆ ಜಿಲ್ಲೆಯಲ್ಲೇ. 1962ರ ಜುಲೈ 7, ನಡುರಾತ್ರಿ ದಾಟಿ ಕೆಲವು ನಿಮಿಷ. ಸಿಡ್ನಿಯಿಂದ ರೋಮಿಗೆ ಹೊರಟ ಅಲಿಟಾಲಿಯಾದ ಡಿಸಿ-8 ಜೆಟ್ ವಿಮಾನ ಬ್ಯಾಂಕಾಕ್ ಬಿಟ್ಟು ಬೊಂಬಾಯಿಗೆ ಇಳಿಯಲು ಪೂರ್ವದಿಂದ ಬರುತ್ತಿತ್ತು. ಮುಂಬಯಿಗೆ ಸುಮಾರು 84 ಕಿ.ಮೀ. ದೂರದ ಜುನ್ನರ್ ಬಳಿ ದಾವಂಡ್ಯಾಚಿ ಎಂಬ ಗುಡ್ಡಕ್ಕೆ, ಸುಮಾರು 3,600 ಅಡಿ ಎತ್ತರದಲ್ಲಿ, ನೆತ್ತಿಗಿಂತ ಕೆಲವೇ ಅಡಿ ಕೆಳಗೆ ಬಡಿಯಿತು. 94 ಮಂದಿ. ಒಬ್ಬರೂ ಉಳಿಯಲಿಲ್ಲ. ಶಿವನೇರಿ ನೋಡಲು ಹೋಗುವ ನಮ್ಮ ಟ್ರೆಕ್ಕಿಂಗ್ ಗುಂಪುಗಳು ಹತ್ತುವುದು ಇದೇ ತಾಲ್ಲೂಕಿನ ಗುಡ್ಡಗಳನ್ನು.

ತನಿಖೆ ಹೇಳಿದ್ದು ಹೀಗೆ: ತಾನು ಊರಿಗೆ ಇನ್ನೂ ಹತ್ತಿರ ಇದ್ದೇನೆಂದು ಪೈಲಟ್ ತಿಳಿದಿದ್ದ, ಹಾಗಾಗಿ ಹೊತ್ತಿಗೆ ಮುಂಚೆಯೇ ಇಳಿಯತೊಡಗಿದ. ತನ್ನ ಜಾಗವನ್ನು ಖಚಿತ ಮಾಡಿಕೊಳ್ಳಲು ಲಭ್ಯವಿದ್ದ ಸಾಧನಗಳನ್ನು ಬಳಸಲಿಲ್ಲ, ಆ ಪ್ರದೇಶಕ್ಕೆ ಗೊತ್ತುಪಡಿಸಿದ ಕನಿಷ್ಠ ಸುರಕ್ಷಿತ ಎತ್ತರವನ್ನು ಮೀರಿ ಕೆಳಗಿಳಿದ, ನೆಲದ ಪರಿಚಯ ಅವನಿಗಿರಲಿಲ್ಲ.

ಈ ಒಂದು ಅಪಘಾತವನ್ನು ನಾನು ನಕ್ಷೆಯ ಮೇಲೆ ಎಷ್ಟು ಸಲ ನೋಡಿದ್ದೇನೋ. ಇದರಲ್ಲಿ ದಿಗ್ಭ್ರಮೆಯಿಲ್ಲ, ಒಳಕಿವಿಯ ಮೋಸವಿಲ್ಲ. ವಿಮಾನ ರೆಕ್ಕೆ ಸಮವಾಗಿಟ್ಟುಕೊಂಡೇ ಬಂದಿರಬಹುದು. ಎತ್ತರಮಾಪಕವೂ ಸುಳ್ಳು ಹೇಳಬೇಕಾಗಿರಲಿಲ್ಲ. ಆ ಮುಳ್ಳು ತೋರಿಸುವುದು ಸಮುದ್ರಮಟ್ಟದಿಂದ ಎತ್ತರವನ್ನು, ಕಾಲ ಕೆಳಗಿನ ನೆಲದಿಂದಲ್ಲ. ಲೋಹೆಗಾಂವಿನ ರನ್‌ವೇ ಮೇಲೆ ನಿಂತ ನನ್ನ ಸೆಸ್ನಾದಲ್ಲಿ ಅದು ಸೊನ್ನೆ ತೋರಿಸುವುದಿಲ್ಲ, ಸುಮಾರು 1,940 ಅಡಿ ತೋರಿಸುತ್ತದೆ. ಈಗ ದಖನ್ನಿನ ಅಡ್ಡ ಕೊಯ್ತವನ್ನು ಊಹಿಸಿಕೊಳ್ಳಿ. ಪೂರ್ವದಿಂದ ಬರುವಾಗ ಎರಡು ಸಾವಿರ ಅಡಿಯ ಪ್ರಸ್ಥಭೂಮಿ, ಅಂಚಿನಲ್ಲಿ ಮೂರೂವರೆ, ನಾಲ್ಕು ಸಾವಿರ ಅಡಿಗೂ ಏಳುವ ಘಟ್ಟದ ಸಾಲು, ಅದರಾಚೆ ಒಮ್ಮೆಲೇ ಕುಸಿದು ಕೊಂಕಣದ ತಗ್ಗು. ಕಲ್ಯಾಣದ ಮೇಲೆ 3,600 ಅಡಿ ಎಂದರೆ ಬೇಕಾದಷ್ಟು ಗಾಳಿ. ಜುನ್ನರಿನ ಮೇಲೆ ಅದೇ 3,600 ಎಂದರೆ ಕಲ್ಲು. ಜೆಟ್ ವಿಮಾನ ಇಳಿಯುವಾಗಲೂ ನಿಮಿಷಕ್ಕೆ ಎಂಟೊಂಬತ್ತು ಕಿಲೋಮೀಟರ್ ಸಾಗುತ್ತದೆ. ಎರಡೂ ಜಾಗಗಳ ನಡುವೆ ಇರುವುದು ಆರೇಳು ನಿಮಿಷದ ಅಂದಾಜು.

ಟಪಾಲಿನವರಿಗೆ ಇದ್ದು ಅಲಿಟಾಲಿಯಾದವರಿಗೆ ಇಲ್ಲದ್ದು ಅದೇ, ಕೆಳಗೆ ಯಾವ ಗುಡ್ಡ ಇದೆ ಎಂಬ ಅರಿವು. ನನ್ನ ಪರದೆಯ ಮೂಲೆಯಲ್ಲಿ ಈಗ ಮುಂಬಯಿಯ ರೇಡಿಯೊ ಕೇಂದ್ರಕ್ಕೆ ಎಷ್ಟು ಮೈಲಿ ಎಂಬ ಅಂಕಿ ಕಣ್ಣೆದುರೇ ಇಳಿಯುತ್ತಿರುತ್ತದೆ. ಇಳಿಯುವ ದಾರಿಯ ನಕ್ಷೆಯಲ್ಲಿ, ಇಷ್ಟು ಮೈಲಿಯ ತನಕ ಇಷ್ಟು ಅಡಿಗಿಂತ ಕೆಳಗೆ ಬರಬೇಡ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆದಿರುತ್ತದೆ. ದೊಡ್ಡ ವಿಮಾನಗಳಲ್ಲಿ ನೆಲ ಹತ್ತಿರವಾಯಿತೆಂದು ಕೂಗಿ ಎಬ್ಬಿಸುವ ಯಂತ್ರಗಳು ಬಂದದ್ದು 1970ರ ದಶಕದಲ್ಲಿ, ಅವೂ ಇಂಥ ಎಷ್ಟೋ ಗುಡ್ಡಗಳ ಲೆಕ್ಕ ತುಂಬಿದ ಮೇಲೆ. ಸಿಮ್ಯುಲೇಟರಿನಲ್ಲಿ ಪೂರ್ವದಿಂದ ಜುನ್ನರಿನ ಮೇಲೆ ಬರುವಾಗ ನಾನು ಹೊರಗಿನ ಮೋಡ ತೆಗೆದುಹಾಕುತ್ತೇನೆ. ಅಷ್ಟು ಗುಡ್ಡಗಳನ್ನು ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಮೋಡ ಮುಚ್ಚಿ ಹಾರಿದರೆ ಆ ನಕ್ಷೆಯ ಅಂಕಿಗಳಿಗೆ ತೂಕ ಬರುತ್ತದೆ.

ಸಿಮ್ಯುಲೇಟರಿನ ಬಗ್ಗೆಯೂ ಒಂದು ಮಾತು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗದ ವರದಿ ಬಂತು. ವಾದ್ಯ ನೋಡಿ ಹಾರಲು ಕಲಿಯದ 20 ಮಂದಿಯನ್ನು ಹೊರಗೇನೂ ಕಾಣದಂತೆ ಮಾಡಿ ಹಾರಿಸಿದರು. ಇಪ್ಪತ್ತೂ ಮಂದಿ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ, ಅಂದರೆ ಒಂದು ಮ್ಯಾಗಿ ಬೇಯುವುದರೊಳಗೆ. ಅದೇ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಬ್ರೂಸ್ ಆರ್ಟ್‌ವಿಕ್ ಎಂಬ ವಿದ್ಯಾರ್ಥಿ, ಹಾರುವಾಗ ಕಾಣುವ ನೋಟವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಬಗ್ಗೆ ಪ್ರಬಂಧ ಬರೆದ. ಅದರಿಂದ ಬೆಳೆದದ್ದೇ ಆಪಲ್ ಕಂಪ್ಯೂಟರಿನ ಮೊದಲ ಫ್ಲೈಟ್ ಸಿಮ್ಯುಲೇಟರ್; 1982ರಲ್ಲಿ ಮೈಕ್ರೊಸಾಫ್ಟ್ ಅದನ್ನು ತನ್ನದಾಗಿ ಮಾರಿತು. ಲಿಂಕನ ಪೆಟ್ಟಿಗೆಯಲ್ಲಿ ತಿದಿಗಳಿದ್ದವು, ಅದು ಮೈಯನ್ನು ಅಷ್ಟಿಷ್ಟಾದರೂ ಅಲುಗಿಸುತ್ತಿತ್ತು. ಆರ್ಟ್‌ವಿಕ್‌ನ ಆಟ ಮೈಯನ್ನು ಬಿಟ್ಟು ಕಣ್ಣನ್ನಷ್ಟೇ ಹಿಡಿದುಕೊಂಡಿತು. ಕಾಕಾ ಹೇಳಿದ ಪ್ರಾಮಾಣಿಕ ಕುರ್ಚಿಯ ಮೂಲ ಇಲ್ಲಿದೆ. ಮನೆಯಲ್ಲಿ ಹಾರಿದ ಗಂಟೆಗಳನ್ನು ಲೈಸೆನ್ಸಿಗೆ ಲೆಕ್ಕ ಹಿಡಿಯದಿರುವುದು ನ್ಯಾಯವೇ. ನಾನು ಕಲಿಯುತ್ತಿರುವುದು ಮುಳ್ಳು ಓದುವುದನ್ನು. ಮೈ ಕಿರುಚುತ್ತಿರುವಾಗಲೂ ಮುಳ್ಳನ್ನು ನಂಬುವುದನ್ನಲ್ಲ. ಆ ಎರಡನೆಯ ಪಾಠ ಬೇಕಾದವರು, ವಾಯುಪಡೆಯವರಾದರೆ, ಬೆಂಗಳೂರಿನಲ್ಲಿ 1957ರಿಂದ ಇರುವ ವೈಮಾನಿಕ ವೈದ್ಯ ಸಂಸ್ಥೆಗೆ ಹೋಗುತ್ತಾರೆ. ಇಲ್ಲಿ ವಿಮಾನನಗರ, ಅಲ್ಲಿ ವಿಮಾನಪುರ.

ಮುಳ್ಳನ್ನೇ ನಂಬು ಎಂಬ ಪಾಠ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ತೋರಿಸಿದ್ದು 1978ರ ಜನವರಿ 1. ಏರ್ ಇಂಡಿಯಾದ ಮೊದಲ ಜಂಬೊ ಜೆಟ್ 'ಎಂಪರರ್ ಅಶೋಕ', ರಾತ್ರಿ ಎಂಟು ದಾಟಿದ ಮೇಲೆ ಮುಂಬಯಿಯಿಂದ ದುಬೈಗೆ ಹೊರಟಿತು. ದಡ ದಾಟಿದರೆ ಅರಬ್ಬಿ ಸಮುದ್ರದ ಮೇಲೆ ಪೂರ್ತಿ ಕತ್ತಲು, ಕಣ್ಣಿಗೆ ದಿಗಂತವಿಲ್ಲ. ಬಲಕ್ಕೆ ತಿರುಗಿ ರೆಕ್ಕೆ ಸಮವಾದ ಮೇಲೂ ಕ್ಯಾಪ್ಟನ್ ಎದುರಿನ ಕೃತಕ ದಿಗಂತ ಇನ್ನೂ ಬಲಕ್ಕೇ ವಾಲಿದೆ ಎಂದು ತೋರಿಸುತ್ತಿತ್ತು. ಅವರು ಅದನ್ನು ನಂಬಿ ಎಡಕ್ಕೆ ವಾಲಿಸಿದರು. ಸಹಪೈಲಟನ ಎದುರು ಇನ್ನೊಂದು ದಿಗಂತ ಇತ್ತು, ಫಲಕದ ನಡುವೆ ಮೂರನೆಯದೂ ಇತ್ತು. ಅದನ್ನು ನಂಬಬೇಡಿ ಎಂದು ಫ್ಲೈಟ್ ಎಂಜಿನಿಯರ್ ಕೂಗಿ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ವಿಮಾನ ಎಡಕ್ಕೆ ಉರುಳಿ ಬಾಂದ್ರಾದಾಚೆ ಕಡಲಿಗೆ ಬಿತ್ತು. ನೆಲ ಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. 213 ಮಂದಿ. ವಿಮಾನದ ಮತ್ತು ವಾದ್ಯದ ತಯಾರಕರ ಮೇಲೆ ಹೂಡಿದ ಮೊಕದ್ದಮೆ 1985ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕ್ಯಾಪ್ಟನ್ ಮಾಡಿದ ಚಾಲನೆಯೇ ಕಾರಣ ಎಂದಿತು ತೀರ್ಪು.

ಆ ತೀರ್ಪು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಾನೂನಿನ ಮಾತಲ್ಲ ನನ್ನದು, ಮನುಷ್ಯನ ಮಾತು. ಮೈಯನ್ನು ನಂಬಬೇಡ, ಮುಳ್ಳನ್ನು ನಂಬು ಎಂದು ವರ್ಷಗಟ್ಟಲೆ ತಿದ್ದಿದ ಕಣ್ಣು ಅದು. ಅದು ಮಾಡಿದ್ದು ಕಲಿಸಿದ್ದನ್ನೇ. ಮೂರರಲ್ಲಿ ಒಂದು ಸುಳ್ಳು ಹೇಳಿದಾಗ ಉಳಿದೆರಡನ್ನು ಕೇಳಬೇಕು ಎಂಬುದನ್ನು ಕೈ ನಡುಗುವ ಕೆಲವೇ ಸೆಕೆಂಡುಗಳಲ್ಲಿ ನೆನಪಿಸಿಕೊಳ್ಳಬೇಕಿತ್ತು. 2010ರ ಮೇ 22ರ ಮಂಗಳೂರಿನದು ಇದಕ್ಕೆ ತದ್ವಿರುದ್ಧ: ಬಜ್ಪೆಯಲ್ಲಿ ಇಳಿಯುವ ದಾರಿ ತೋರಿಸುವ ರೇಡಿಯೊ ಕಿರಣವಿತ್ತು, ಎಚ್ಚರಿಕೆ ಯಂತ್ರ ಕೂಗುತ್ತಿತ್ತು, ಇಳಿಯುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದು ಸಹಪೈಲಟ್ ಹೇಳಿದ್ದ. ಎಲ್ಲ ಮುಳ್ಳೂ ನಿಜ ಹೇಳಿದವು. ನಿದ್ದೆಯಿಂದ ಆಗಷ್ಟೇ ಎದ್ದ ಕ್ಯಾಪ್ಟನ್ ಕೇಳಿಸಿಕೊಳ್ಳಲಿಲ್ಲ, 158 ಮಂದಿ ಹೋದರು. ನಮ್ಮಲ್ಲಿ ಎಷ್ಟೋ ಮಂದಿಗೆ ಆ ಪಟ್ಟಿಯಲ್ಲಿ ಪರಿಚಯದ ಮನೆತನದ ಒಂದು ಹೆಸರಾದರೂ ಇದ್ದೀತು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಕಾಕಾ ಈಗ ವಾರಕ್ಕೊಮ್ಮೆ ಸಂಜೆ ಬಂದು ಕೂರುತ್ತಾರೆ. ಬಳ್ಳಾರಿಯ ದಾರಿ ಅವರಿಗೆ ಹಿಡಿಸಿದೆ. ಪುಣೆಯಿಂದ ನೇರಕ್ಕೆ 500 ಕಿ.ಮೀ., ಸೆಸ್ನಾದಲ್ಲಿ ಎರಡೂವರೆ ಗಂಟೆ, ವಿನ್ಸೆಂಟರ ವಿಮಾನದಲ್ಲಾದರೆ ಮೂರು ದಾಟಬೇಕು. ಕೃಷ್ಣಾ, ತುಂಗಭದ್ರಾ ನದಿಗಳನ್ನು ದಾಟಬೇಕು, ಮೋಡದ ದಿನ ಒಂದೂ ಕಾಣುವುದಿಲ್ಲ. ನಾನು ಹಾರುವಾಗ ಅವರು ಮೌಸ್ ಹಿಡಿದು, ನನಗೆ ಹೇಳದೆ, ಗಾಳಿ ಎಳೆಯುವ ಪಂಪನ್ನು ಕೆಡಿಸಿಬಿಡುತ್ತಾರೆ. ಆ ಪಂಪಿನಿಂದಲೇ ಬುಗುರಿ ತಿರುಗುವುದು. ಒಮ್ಮೆಲೇ ಏನೂ ಆಗುವುದಿಲ್ಲ. ಬುಗುರಿಯ ವೇಗ ಇಳಿಯುತ್ತ ಹೋಗಿ ಕೃತಕ ದಿಗಂತ ನಿದ್ದೆಗೆ ಜಾರುವ ಮಗುವಿನ ತಲೆಯ ಹಾಗೆ ನಿಧಾನವಾಗಿ ಒಂದು ಬದಿಗೆ ಒರಗತೊಡಗುತ್ತದೆ. ಕರೆಂಟಿನಿಂದ ನಡೆಯುವ ತಿರುವಿನ ಗಡಿಯಾರ ಮಾತ್ರ ನೆಟ್ಟಗಿರುತ್ತದೆ, ಎತ್ತರವೂ ವೇಗವೂ ಅಲುಗುವುದಿಲ್ಲ. ಯಾವುದು ಗುಂಪಿನಿಂದ ಬೇರೆಯಾಗಿ ಮಾತಾಡುತ್ತಿದೆ ಎಂದು ಕಂಡುಕೊಂಡು, ಅದರ ಮೇಲೆ ಹಳದಿ ಅಂಟುಚೀಟಿ ಹಚ್ಚಿ, ಉಳಿದವುಗಳ ಮೇಲೆ ಹಾರಬೇಕು. ಕೆಟ್ಟ ಗಡಿಯಾರವನ್ನು ಮುಚ್ಚಿಬಿಡುವುದು ನಿಜವಾದ ಪೈಲಟರೂ ಕಲಿಯುವ ಪಾಠ. ಕಾಣುತ್ತಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

"ಯಾದು ಕೆಟ್ಟೈತಿ ಹೇಳು," ಎನ್ನುತ್ತಾರೆ ಕಾಕಾ, ಚಹಾದ ಲೋಟ ಕೆಳಗಿಡುತ್ತ. ಬಳ್ಳಾರಿಗೆ ಇನ್ನೂ ನಲವತ್ತು ಮೈಲಿ ಇರುತ್ತದೆ.